ಬಸ್ಸಿನ ಮಾತ್ರೆ ಮತ್ತು ಅಪ್ಪಾಜಿಯ ಬೈಕು

ಸಿದ್ದು,

ಅಪ್ಪಾಜಿ ಬಳ್ಳಾರಿ ಬಸ್ಸು ಹತ್ತುವ ಅರ್ಧ ಗಂಟೆ ಮೊದಲು ವಾಂತಿ ಮಾತ್ರೆ ಕೊಡು, ಒಂದೇ. ನೆಗಡಿ ಮಾತ್ರೆ ಕೇಳಿದರೆ ಕೊಡಬೇಡ. ಎರಡೂ ಒಂದೇ ಜಾತಿಯವು, ಸೇರಿದರೆ ವಿಪರೀತ ನಿದ್ದೆ.

ಹೋದ ಸಲ ರಾಂಪುರದಲ್ಲಿ ಎರಡನ್ನೂ ನುಂಗಿ ಬಸ್ಸಲ್ಲಿ ಬಂದವರು, ಚಳ್ಳಕೆರೆಯಲ್ಲಿ ಇಳಿದು, ಅಲ್ಲಿ ನಿಲ್ಲಿಸಿ ಹೋಗಿದ್ದ ಬೈಕ್ ಹತ್ತಿದರು. ಉಳ್ಳಾರ್ತಿ ಕಾವಲ್ ಹತ್ತಿರ ರಸ್ತೆ ಬಿಟ್ಟು ಹುಲ್ಲಿನೊಳಗೆ ಬಿದ್ದರು. "ಹಸು ಅಡ್ಡ ಬಂತು" ಅಂತ ನಿಮಗೆಲ್ಲ ಹೇಳಿದರು. ಮೊಣಕೈಗೆ ಬಟ್ಟೆ ಕಟ್ಟುವಾಗ ನನಗೊಬ್ಬಳಿಗೆ, "ಕಣ್ಣು ಯಾವಾಗ ಮುಚ್ತೋ ಗೊತ್ತೇ ಆಗ್ಲಿಲ್ಲ ಕಣವ್ವ" ಅಂದರು.

ಆ ಮಾತು ಅವರ ಮುಂದೆ ಎತ್ತಬೇಡ. ಬೈಕಿನ ಕೀ ನಾನು ಒಯ್ದಿದ್ದೇನೆ, ಬೈದರೆ ನನ್ನನ್ನೇ ಬೈಯಲಿ.

ನೀನೂ ಜೊತೆಗೆ ಹೋಗು. "ನಾನೇನು ಕೂಸೇನೋ?" ಅಂತಾರೆ. ಬಳ್ಳಾರೀಲಿ ನಂಗೂ ಕೆಲ್ಸ ಐತೆ ಅನ್ನು.

ಐಶ್ವರ್ಯ