ಬಿಟ್ಟಿ ಓದಿದವನ ಭಾಷಣ

ತಳಗೇರಿ, ಗದಗ ಸೀಮೆ
ಇಸವಿ ೨೧೨೯, ಎರಡನೇ ಬೇಸಿಗೆಯ ಒಂಬತ್ತನೇ ದಿನ

ನೂರು ವರ್ಷ ಹಿಂದಿರುವ ಹಿರಿಯರಿಗೆ,

ತಳಗೇರಿ ಸರ್ಕಾರಿ ಕಾಲೇಜಿನ ಪ್ರಾಂಶುಪಾಲೆ ನೀಲಮ್ಮ ಮೇದಾರ ಬರೆಯುವ ಕಾಗದ. ತಾರೀಖು ಕಂಡು ಗಾಬರಿಯಾಗಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ತಿಂಗಳ ಹೆಸರುಗಳನ್ನು ಈಗ ಮುದುಕರು ಮಾತ್ರ ಬಳಸುತ್ತಾರೆ. ಇದನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನನ್ನ ಪಾಲಿನದನ್ನು ನಾನು ನಿಮಗೆ ಬರೆಯುತ್ತಿದ್ದೇನೆ, ಮಮತೆ ಉಕ್ಕಿ ಅಲ್ಲ. ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇದೊಂದಕ್ಕೇ.

ನಾವು ಬಿದಿರಿನ ಕೆಲಸದವರು. ನಿಮ್ಮ ಕಾಲದಲ್ಲಿ ನಮ್ಮವರು ಬುಟ್ಟಿ, ಮೊರ ಹೆಣೆಯುತ್ತಿದ್ದರಂತೆ. ಈಗ ಗೋಡೆ, ಚಾವಣಿ, ಸೇತುವೆಯನ್ನೂ ಹೆಣೆಯುತ್ತೇವೆ. ಬಿಸಿಲಿನ ಹೊತ್ತಿನಲ್ಲಿ ಊರವರೆಲ್ಲ ತಂಪುಮನೆಗೆ ಇಳಿಯುತ್ತಾರೆ. ಅದು ಪ್ರತಿ ಓಣಿಗೊಂದರಂತೆ ನೆಲದಡಿ ತೋಡಿದ ದೊಡ್ಡ ಪಡಸಾಲೆ. ಅಲ್ಲಿ ಹೆಂಗಸರು ಜೋಳ ಹಸನು ಮಾಡುತ್ತಾರೆ, ಗಂಡಸರು ಬಿದಿರು ಸೀಳುತ್ತಾರೆ. ನನ್ನ ಅಕ್ಕ ದೇವಕ್ಕ ಅಲ್ಲೇ ಮೂಲೆಯಲ್ಲಿ ಕುಳಿತು ನೆಲದ ಮೇಲೆ ಸುಣ್ಣದಕಡ್ಡಿಯಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಯಾರಾದರೂ ಅದರ ಮೇಲೆ ಕಾಲಿಟ್ಟರೆ ಕೂಗಾಡುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ಅವಳು. ಕಾಲೇಜು ಸರ್ಕಾರದ್ದು, ಫೀಸು ಇರಲಿಲ್ಲ. ಗಣಿತದ ಮೇಷ್ಟ್ರಾಗಬೇಕು ಎಂಬುದೊಂದೇ ಅವಳ ಹಟ.

೨೦೯೧ರಲ್ಲಿ ಅವಳು ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದಳು. ನನಗೆ ಹದಿನೈದು. ಕೊನೆಯ ಪೇಪರಿನ ದಿನ ಅವಳ ಬುತ್ತಿ ಹಿಡಿದು ನಾನೂ ಹೋಗಿದ್ದೆ. ಬಾಗಿಲಲ್ಲಿ ಜವಾನ ಮಾಬುಸಾಬ ಒಂದು ಪಟ್ಟಿ ಹಿಡಿದು ನಿಂತಿದ್ದ.

"ನಿನ್ನ ಹೆಸರು ಇಲ್ಲವ್ವಾ ತಂಗಿ," ಎಂದ. "ನಿನ್ನೆ ಸಂಜಿಗೆ ಕಾಯ್ದೆ ಪಾಸಾಗೈತಿ. ಸ್ವಂತ ಖರ್ಚು ಇದ್ದವರು, ಇಲ್ಲಾ ಕರಾರು ಬರಕೊಟ್ಟವರು ಅಷ್ಟ ಒಳಗ."

"ನಾಕು ಪೇಪರ್ ಬರದೀನಿ ಕಾಕಾ. ಉಳದದ್ದು ಇದೊಂದ."

"ನನಗ ಗೊತ್ತವಾ. ನಾ ಏನು ಮಾಡ್ಲಿ? ನನ್ನ ಮಗನ ಹೆಸರೂ ಇಲ್ಲ."

ಕರಾರು ಓದು ಎಂದರೆ ಏನೆಂದು ಹೇಳುತ್ತೇನೆ. ಕಂಪನಿಯೊಂದು ನಿಮ್ಮ ಓದಿನ ಖರ್ಚು ಹೊರುತ್ತದೆ. ಅದಕ್ಕೆ ಬದಲಾಗಿ ಹದಿನೆಂಟು ವರ್ಷ ಅವರು ಹೇಳಿದಲ್ಲಿ, ಹೇಳಿದ ಕೆಲಸ ಮಾಡಬೇಕು. ಅಂಗಳದಲ್ಲಿ ಆಗಲೇ ಒಂದು ಮೇಜು ಹಾಕಿಕೊಂಡು ಕಂಪನಿಯವರು ಕುಳಿತಿದ್ದರು. ಪರೀಕ್ಷೆಯ ಗಂಟೆ ಹೊಡೆಯಲು ಐದು ನಿಮಿಷವಿತ್ತು. ದೇವಕ್ಕ ಓದದೆಯೇ ರುಜು ಹಾಕಿ ಒಳಗೆ ಓಡಿದಳು. ಓದದೆ ರುಜು ಹಾಕಿದ್ದು ಅವಳ ಬದುಕಿನಲ್ಲಿ ಅದೊಂದೇ ಕಾಗದ.

ಆ ಪರೀಕ್ಷೆಯಲ್ಲಿ ಅವಳು ವಿಶ್ವವಿದ್ಯಾಲಯಕ್ಕೇ ಮೊದಲ ಸ್ಥಾನ ಪಡೆದಳು. ತಿಂಗಳೊಳಗೆ ಅವಳನ್ನು ಕರಾವಳಿಗೆ ಕರೆದೊಯ್ದರು. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಪಂಪುಗಳ ಪಕ್ಕ ನಿಂತು ಮೀಟರಿನ ಮುಳ್ಳು ನೋಡುವ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದಳು. ತಿರುಗಿ ಬಂದ ದಿನ ನಾನು ನಿಲ್ದಾಣದಲ್ಲಿ "ಅಕ್ಕಾ" ಎಂದು ಕೂಗಿದೆ. ಅವಳು ತಿರುಗಲಿಲ್ಲ. ಮತ್ತೆ ಕೂಗಿದೆ. ಆ ಯಂತ್ರಗಳು ಅವಳ ಎರಡೂ ಕಿವಿಗಳನ್ನು ತಿಂದುಹಾಕಿದ್ದವು. ಕಿವಿ ಕೇಳದವಳಿಗೆ ಯಾರು ತರಗತಿ ಕೊಡುತ್ತಾರೆ?

ಆ ಕಾಯ್ದೆಯನ್ನು ತಂದವನು ನಮ್ಮ ಊರಿನವನೇ, ಆಗ ಶಿಕ್ಷಣ ಮಂತ್ರಿಯಾಗಿದ್ದ ರುದ್ರಗೌಡ ಬಿಳೇಕಲ್ಲ. ಅವನು ಓದಿದ್ದೂ ಇದೇ ಕಾಲೇಜಿನಲ್ಲಿ, ಬಿಟ್ಟಿಯಾಗಿ. ನಾನು ಅವನ ಭಾಷಣವನ್ನು ಸದನದ ನಡಾವಳಿಯಿಂದ ಕೈಯಾರೆ ನಕಲು ಮಾಡಿ ಇಟ್ಟುಕೊಂಡೆ. ಅಕ್ಕನ ಪುಸ್ತಕಗಳನ್ನು ತಂಪುಮನೆಯಲ್ಲಿ ಓದಿದೆ, ಬಿದಿರು ಕೆಲಸಗಾರರ ಸಂಘದವರು ಕದ್ದು ನಡೆಸುತ್ತಿದ್ದ ಪಾಠಗಳಲ್ಲಿ ಮೊದಲು ಕಲಿತೆ, ಆಮೇಲೆ ಕಲಿಸಿದೆ. ೨೧೨೧ರಲ್ಲಿ ಜನ ಆ ಸರ್ಕಾರವನ್ನು ಕಿತ್ತೆಸೆದರು. ಕರಾರು ಓದು ರದ್ದಾಯಿತು, ಹಣ ಕೊಟ್ಟು ಓದುವ ಕಾಲೇಜುಗಳೆಲ್ಲ ಮುಚ್ಚಿದವು. ಉಳ್ಳವರ ಮಕ್ಕಳಿಗೂ ಇಲ್ಲದವರ ಮಕ್ಕಳಿಗೂ ಈಗ ಇರುವುದು ಒಂದೇ ಬಾಗಿಲು, ಸರ್ಕಾರದ್ದು. ತಳಗೇರಿಯ ಬಾಗಿಲಿಗೆ ನನ್ನನ್ನು ಪ್ರಾಂಶುಪಾಲೆಯಾಗಿ ನೇಮಿಸಿದರು.

ಹೋದ ವರ್ಷ ಪ್ರವೇಶದ ದಿನ ಸಾಲಿನಲ್ಲಿ ರುದ್ರಗೌಡ ನಿಂತಿದ್ದ. ಎಪ್ಪತ್ತೇಳು ವರ್ಷ, ಕೈಯಲ್ಲಿ ಕೋಲು. ಜೊತೆಗೆ ಮೊಮ್ಮಗಳು ಮೃಡಾನಿ. ತಂದೆತಾಯಿ ಇಲ್ಲದ ಹುಡುಗಿಯನ್ನು ಅವನೇ ಸಾಕಿದ್ದ. ಪ್ರತಿ ವರ್ಷ ಆ ದಿನ ದೇವಕ್ಕನೂ ಬಂದು ನನ್ನ ಪಕ್ಕ ಕುಳಿತುಕೊಳ್ಳುತ್ತಾಳೆ. ಹೊಸ ಮಕ್ಕಳ ಮುಖ ನೋಡುವುದೆಂದರೆ ಅವಳಿಗೆ ಇಷ್ಟ. ಅವನಿಗೆ ನಮ್ಮಿಬ್ಬರ ಗುರುತೂ ಇರಲಿಲ್ಲ.

ನಾನು ಅರ್ಜಿ ತೆಗೆದುಕೊಂಡೆ. ಮೇಜಿನ ಖಾನೆಯಿಂದ ಆ ಭಾಷಣ ತೆಗೆದು ಅವನ ಮುಂದಿಟ್ಟೆ.

"ಓದ್ರಿ ಗೌಡ್ರ. ಎಲ್ಲಾರಿಗೂ ಕೇಳೂಹಂಗ. ಪೂರ್ತಿ ಓದಿದ ಮ್ಯಾಲ ಶಿಕ್ಕಾ ಹಾಕ್ತೀನಿ."

ಅವನು ಕನ್ನಡಕ ಏರಿಸಿ ನೋಡಿದ. ಮುಖದ ಬಣ್ಣ ಇಳಿಯಿತು. "ಇದು ನಿಯಮದಾಗ ಐತೇನವಾ?"

"ಇಲ್ಲರಿ. ಪರೀಕ್ಷಾ ನಡುವ ಹುಡುಗರನ್ನ ಹೊರಗ ನಿಲ್ಲಸೂದೂ ನಿಯಮದಾಗ ಇರಲಿಲ್ಲ."

ಅವನು ಹಿಂದೆ ಇದ್ದ ಸಾಲನ್ನು ನೋಡಿದ, ಮೊಮ್ಮಗಳನ್ನು ನೋಡಿದ, ಓದತೊಡಗಿದ. "ಬಿಟ್ಟಿ ಸಿಕ್ಕ ವಿದ್ಯೆಗೆ ಬೆಲೆ ಇರುವುದಿಲ್ಲ. ಬುಟ್ಟಿ ಹೆಣೆಯುವವರ ಮಕ್ಕಳು ಪದವಿ ಪಡೆದು ಮಾಡುವುದೇನು? ಪದವಿ ಇದ್ದವರು ಹೆಣೆದ ಬುಟ್ಟಿಯಲ್ಲಿ ಹೆಚ್ಚು ಕಾಳು ಹಿಡಿಸುತ್ತದೆಯೇ?" ಇಲ್ಲಿ ಸಭೆ ನಕ್ಕಿತು ಎಂದು ಕಂಸದಲ್ಲಿ ಬರೆದಿತ್ತು. ಅದನ್ನೂ ಓದಿಸಿದೆ. ಸಾಲಿನಲ್ಲಿ ಬಿದಿರು ಕೆಲಸದವರ ಮಕ್ಕಳು ಇಪ್ಪತ್ತು ಜನರಾದರೂ ಇದ್ದರು. ಯಾರೂ ನಗಲಿಲ್ಲ.

ಮುಗಿದ ಮೇಲೆ ನಾನು ಹಳೆಯ ದಾಖಲಾತಿ ಪುಸ್ತಕವನ್ನು ತೆರೆದು ಮೃಡಾನಿಯ ಕಡೆ ತಿರುಗಿಸಿದೆ. ಅವಳಜ್ಜನ ಹೆಸರು, ಮುಂದೆ "ಶುಲ್ಕ ಮಾಫಿ" ಎಂಬ ಬರಹ.

"ಅಜ್ಜಾ, ಇದು ಖರೇನ?" ಎಂದು ಕೇಳಿದಳು.

"ಖರೆ," ಎಂದ.

ನಾನು ಅರ್ಜಿಯ ಮೇಲೆ ಪ್ರವೇಶದ ಶಿಕ್ಕಾ ಒತ್ತಿದೆ. ಅವಳು ಕಣ್ಣೊರೆಸಿಕೊಂಡು, "ಮೇಡಂ, ಹಾಸ್ಟೆಲ್‌ದಾಗ ಜಾಗಾ ಐತ್ರಿ? ಇವತ್ತ ಬರ್ತೀನಿ," ಎಂದಳು. ಅಜ್ಜನ ಕಡೆ ತಿರುಗಿಯೂ ನೋಡಲಿಲ್ಲ.

ದೇವಕ್ಕನಿಗೆ ಒಂದೂ ಕೇಳಿಸಿರಲಿಲ್ಲ. ನನ್ನ ತೋಳು ಜಗ್ಗಿ, "ಏನಂದ ಅಂವಾ? ಆ ಹುಡುಗಿ ಯಾಕ ಅತ್ತಳು?" ಎಂದಳು. ನಾನು ಪಾಟಿಯ ಮೇಲೆ ಎಲ್ಲವನ್ನೂ ಬರೆದು ತೋರಿಸಿದೆ. ಅವಳು ನಿಧಾನವಾಗಿ ಓದಿದಳು. ಅವಳ ಮುಖದಲ್ಲಿ ಗೆಲುವು ಕಾಣುತ್ತದೆ ಎಂದು ಕಾದೆ, ನಾಚಿಕೆಯಿಲ್ಲದೆ ಕಾದೆ.

"ಅವನ್ನ ಓದಿಸಿದ್ದು ಛಲೋ ಆತು," ಎಂದಳು. "ಆದ್ರ ಆ ಕೂಸಿನ ಮುಂದ ಓದಿಸಬಾರದಿತ್ತು. ಮೊದಲನೇ ದಿನ ಅಳಕೋತ ಒಳಗ ಹೋತಲ್ಲ ನೀಲಾ. ಆ ಕಡೀ ಪೇಪರಿನ ದಿನ ನಾನೂ ಹಂಗ ಹೋಗಿದ್ದೆ."

ಅವಳು ಹೇಳಿದ್ದು ಸರಿ. ಆದರೂ ನನ್ನ ಹೊಟ್ಟೆ ತಣ್ಣಗಾದದ್ದು ಸುಳ್ಳಲ್ಲ. ಆಮೇಲೆ ಮುದುಕ ವಾರಕ್ಕೊಮ್ಮೆ ಬುತ್ತಿ ಹಿಡಿದು ಗೇಟಿನ ಬಳಿ ಬಂದು ನಿಲ್ಲುತ್ತಿದ್ದ. ಮೃಡಾನಿ ಹೊರಗೆ ಹೋಗಲಿಲ್ಲ. ನಾನು ನನ್ನ ಕಿಟಕಿಯಿಂದ ನೋಡುತ್ತಿದ್ದೆ, ಒಳಗೆ ಕರೆಯಬಹುದಿತ್ತು, ಕರೆಯಲಿಲ್ಲ. ಈ ವರ್ಷದ ಮೊದಲ ಬೇಸಿಗೆಯಲ್ಲಿ ಅವನು ಸತ್ತ. ಮಣ್ಣಿಗೆ ದೇವಕ್ಕ ಹೋಗಿಬಂದಳು. ನಾನು ಹೋಗಲಿಲ್ಲ.

ಇಷ್ಟನ್ನು ನಿಮಗೇಕೆ ಬರೆದೆ? ರುದ್ರಗೌಡ ಆಕಾಶದಿಂದ ಬೀಳಲಿಲ್ಲ. ಅವನಿಗೂ ಮುಂಚೆ ಯಾರೋ ಒಂದು ಕಾಲೇಜಿನಲ್ಲಿ ಮೇಷ್ಟ್ರನ್ನು ನೇಮಿಸದೆ ಬಿಟ್ಟರು, ಇನ್ನೊಂದನ್ನು ಮಕ್ಕಳು ಕಡಿಮೆ ಎಂದು ಮುಚ್ಚಿದರು, ಮತ್ತೆ ಯಾರೋ "ಬಿಟ್ಟಿ" ಎಂಬ ಮಾತನ್ನು ಬೈಗುಳವಾಗಿ ಬಳಸಲು ಕಲಿಸಿದರು. ಇದಕ್ಕೆಲ್ಲ ನಾಂದಿಯಾಗುವ ಆ ಮೊದಲ ಕಡತ ನಿಮ್ಮಲ್ಲಿ ಒಬ್ಬರ ಮೇಜಿನ ಮೇಲೆ ಬರುತ್ತದೆ. ಯಾರ ಮೇಜು ಎಂದು ನಮ್ಮ ದಾಖಲೆಗಳಲ್ಲಿದೆ. ಹೆಸರು ಬರೆಯಲು ಹಿಂದಂಚೆಯವರು ಬಿಡುವುದಿಲ್ಲ. ಆದರೆ ಇದನ್ನು ಓದುವಾಗ ನಿಮ್ಮ ಕೈ ಬೆವೆತರೆ ಅದು ನೀವೇ.

ಬೇಕಿದ್ದರೆ ಆ ಕಡತಕ್ಕೆ ರುಜು ಹಾಕಿ. ನೀವು ನನ್ನ ಕೈಗೆ ಸಿಗುವುದಿಲ್ಲ, ನಿಮ್ಮ ಕುಡಿಗಳು ಸಿಗುತ್ತಾರೆ. ಅವರಿಗೆ ಸೀಟು ಕೊಡುತ್ತೇನೆ, ಬಿಟ್ಟಿಯಾಗಿಯೇ ಕೊಡುತ್ತೇನೆ. ಮಕ್ಕಳನ್ನು ಅಳಿಸುವುದಿಲ್ಲ ಎಂದು ದೇವಕ್ಕನಿಗೆ ಮಾತು ಕೊಟ್ಟಿದ್ದೇನೆ. ಆ ಮಾತು ಎಷ್ಟು ದಿನ ಉಳಿಯುತ್ತದೋ, ನನಗೇ ತಿಳಿಯದು.

ನೀಲಮ್ಮ ಮೇದಾರ