ಕತೆಯೊಳಗೆ ನಿನ್ನ ಹೆಸರಿಟ್ಟ ದಿನ

ಪ್ರೀತಿಯ ಪುಷ್ಪಲತಾ,

ನೀನು ಕ್ಲಾಸಿಗೆ ಬಾರದೆ ಇವತ್ತಿಗೆ ಎಂಟು ದಿನ. ಫೋನು ಸ್ವಿಚ್ ಆಫ್. ಎಲ್ಲಿದ್ದೀಯೆಂದು ಕೇಳಿದರೆ ನಿನ್ನ ಗೆಳತಿ ಸಿದ್ದೀಕಾ ಬಾಯಿ ಬಿಡುವುದಿಲ್ಲ. "ಏನಾರ ಬರ್ಕೊಡ್ರಿ ಮೇಡಂ, ಮುಟ್ಟಸ್ತೀನಿ" ಎಂದಳು. ಎಂ.ಎ. ಇಂಗ್ಲಿಷ್ ಪಾಠ ಮಾಡುವವಳು ಕನ್ನಡದಲ್ಲಿ ಬರೆದಿದ್ದಾಳೆಂದು ನಗಬೇಡ. ಹೆದರಿಕೆಯಾದಾಗ ನನಗೆ ಇಂಗ್ಲಿಷ್ ಬರುವುದಿಲ್ಲ.

ನನ್ನ ಪಾಠದ ರೀತಿ ನಿನಗೆ ಗೊತ್ತು. ಮೊದಲು ಕತೆಯನ್ನು ಕನ್ನಡದಲ್ಲಿ ಹೇಳುತ್ತೇನೆ, ಪರದೇಶದ ಹೆಸರು ತೆಗೆದು ನಿಮ್ಮಲ್ಲೇ ಒಬ್ಬರ ಹೆಸರಿಡುತ್ತೇನೆ. ಹಳ್ಳಿಗಳಿಂದ ಬಂದ ನಿಮಗೆ ಭಯ ಬಿಡಲಿ ಎಂದು ಹನ್ನೊಂದು ವರ್ಷದಿಂದ ಇದೇ ಅಭ್ಯಾಸ. ಅವತ್ತಿನ ಕತೆಯಲ್ಲಿ ತಾಯಿ ರೈಲು ನಿಲ್ದಾಣದಲ್ಲಿ ಕಸ ಗುಡಿಸುತ್ತಾಳೆ, ಮಗಳು ಗೆಳತಿಯರೊಂದಿಗೆ ಅವಳನ್ನು ನೋಡದವಳಂತೆ ದಾಟಿ ಹೋಗುತ್ತಾಳೆ. ನಾನು ಹೇಳಿದ್ದು ಹೀಗೆ: "ಹರಿಹರದ ಬಸ್‌ಸ್ಟ್ಯಾಂಡ್ ಅಂದ್ಕೊಳ್ರಿ. ಮಗಳು ನಮ್ಮ ಪುಷ್ಪಲತಾ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿನ್ನ ಪೆನ್ನು ನಿಂತಿತು, ಕತೆ ಮುಗಿಯುವ ಮೊದಲೇ ನೀನು ಎದ್ದು ಹೋದೆ. ನಿನ್ನ ತಾಯಿ ಅದೇ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಾರೆ, ನೀನು ದಿನಾ ಬುಟ್ಟಿಯ ಮುಂದೆ ತಲೆ ತಗ್ಗಿಸಿ ದಾಟುತ್ತೀ ಎಂದು ಸಿದ್ದೀಕಾ ಆಮೇಲೆ ಹೇಳಿದಳು. ದೇವರಾಣೆ, ನನಗೆ ಗೊತ್ತಿರಲಿಲ್ಲ.

ನಿನ್ನೆ ಹರಿಹರಕ್ಕೆ ಹೋಗಿ ನಿನ್ನ ತಾಯಿ ದ್ಯಾಮವ್ವನವರ ಹತ್ತಿರ ಹೂ ಕೊಂಡೆ. ಯುನಿವರ್ಸಿಟಿಯಲ್ಲಿ ಪಾಠ ಮಾಡುತ್ತೇನೆಂದಾಗ ಮುಖ ಅರಳಿತು. "ನಮ್ ಹುಡುಗೀನೂ ಅಲ್ಲೇ ಓದ್ತಾಳ್ರಿ. ಈಗ ಎಂಟೂವರೆ ಬಸ್ಸಿಗೆ ಹೋದ್ಲು. ಚೆಂದಾಗಿ ಓದ್ತಾಳೇನ್ರಿ?" ಹಾಗಾದರೆ ದಿನವೂ ಚೀಲ ಹೊತ್ತು ನೀನು ಹೋಗುವುದೆಲ್ಲಿಗೆ? ಅದು ಹೊಳೆಯ ದಡದ ಊರು, ಪುಷ್ಪಾ. ವಾಪಸು ಬಸ್ಸು ಹತ್ತುವ ಮೊದಲು ಸೇತುವೆಯ ತನಕ ಹೋದೆ, ನನಗೆ ಕೆಳಗೆ ನೀರಿನತ್ತ ನೋಡಲಾಗಲಿಲ್ಲ.

ಇನ್ನೊಂದನ್ನು ಹೇಳಬೇಕು. ಯಾರಿಗೂ ಹೇಳಿಲ್ಲ. ನಾನು ಬಿ.ಎ. ಓದುವಾಗ ಅಪ್ಪ ನಮ್ಮೂರು ಆನಗೋಡಿನಿಂದ ಬುತ್ತಿ ತಂದು ಕಾಲೇಜಿನ ಗೇಟಿನಲ್ಲಿ ನಿಂತಿದ್ದ. ಹರಿದ ಅಂಗಿ, ಬರಿಗಾಲು. ಯಾರೇ ಅದು ಎಂದು ಗೆಳತಿಯರು ಕೇಳಿದರು. "ನಮ್ಮೂರಿನೋರು" ಎಂದೆ. ಅಪ್ಪನ ಕಿವಿಗೆ ಬಿತ್ತು. ಬುತ್ತಿ ಕೈಗಿಟ್ಟು, "ನಿಮ್ಮನ್ಯಾಗ ಕೊಟ್ಟು ಕಳ್ಸ್ಯಾರ, ತಗಳವ್ವ" ಅಂದ. ನನ್ನ ಮಾನ ಉಳಿಸಿ ಹೊರಟುಹೋದ. ಈಗ ಅಪ್ಪ ಇಲ್ಲ. ಕ್ಲಾಸಿನಲ್ಲಿ ಹನ್ನೊಂದು ಸಲ ಆ ತಾಯಿ-ಮಗಳ ಕತೆ ಹೇಳಿದ್ದೇನೆ, ಒಮ್ಮೆಯೂ ನನ್ನ ಹೆಸರಿಡಲಿಲ್ಲ. ಮಕ್ಕಳ ಹಿಂದೆ ಅಡಗಿಕೊಂಡಿದ್ದೆ.

ಸೋಮವಾರ ಮತ್ತೆ ಮೊದಲಿಂದ ಹೇಳುತ್ತೇನೆ. ಈ ಸಲ ಮಗಳ ಹೆಸರು ಆಶಾ. ಯಾರು ನಕ್ಕರೂ ನಗಲಿ. ನೀನು ಬಾಗಿಲ ಹತ್ತಿರವೇ ಕೂರು, ತಡೆಯಲಾಗದಿದ್ದರೆ ಎದ್ದು ಹೋಗು. ಆದರೆ ಬಾ.

ನಿನ್ನ ತಾಯಿಗೆ ನಾನು ಹೇಳಿದ್ದು: "ದಿನಾ ಬರ್ತಾಳಮ್ಮ, ಮುಂದಿನ ಬೆಂಚಲ್ಲೇ ಕೂಡ್ತಾಳೆ." ಅವರು ಖುಷಿಯಿಂದ ಇನ್ನೊಂದು ಮೊಳ ಮಲ್ಲಿಗೆ ಕೊಟ್ಟರು. ಅದನ್ನು ಮುಡಿಯಲಾಗದೆ ಮೇಜಿನ ಮೇಲಿಟ್ಟಿದ್ದೇನೆ.

ಎಲ್ಲಿದ್ದರೂ ತಣ್ಣಗಿರು, ಮಗಳೇ. ನನ್ನ ಮಾತನ್ನು ಸುಳ್ಳು ಮಾಡಬೇಡ.

ನಿನ್ನ ದಾರಿ ಕಾಯುವ,
ಆಶಾ ಮೇಡಂ
ದಾವಣಗೆರೆ