ಸೋದರಮಾವನ ತೋಳು

ಸೆಪ್ಟೆಂಬರ್ 14, ಭಾನುವಾರ

ತೂಕ ಇಳಿಸುವ ವಾರದ ಇಂಜೆಕ್ಷನ್ ಚುಚ್ಚಿಕೊಂಡೆ. ತೂಕ ಎಂಬತ್ತೊಂಬತ್ತು. ಯುಗಾದಿಗೆ ನೂರೆರಡು ಇತ್ತು! ಹಸಿವೆಂಬುದೇ ಇಲ್ಲ. ಅರ್ಧ ಮುದ್ದೆ, ಒಂದು ಲೋಟ ಮಜ್ಜಿಗೆ — ದಿನ ಮುಗಿಯಿತು. ಅರಸೀಕೆರೆ ಡಾಕ್ಟರದು ಮಾತ್ರ ಅದೇ ರಾಗ: “ಮೋಹನ್‌ಕುಮಾರ್, ಕಾಳು, ಪನೀರ್ ತಿನ್ನಿ. ಸ್ವಲ್ಪ ಭಾರ ಎತ್ತಿ. ಇಲ್ಲಾಂದ್ರೆ ಕೊಬ್ಬಿನ ಜೊತೆ ಮಾಂಸಖಂಡಾನೂ ಕರಗೋಗುತ್ತೆ.” ಕರಗಲಿ ಬಿಡಿ ಅಂದೆ.

ನವೆಂಬರ್ ಕೊನೆಗೆ ಅಕ್ಕನ ಮಗಳು ಚೈತನ್ಯಳ ಮದುವೆ. ಇರುವ ಸೋದರಮಾವ ನಾನೊಬ್ಬನೇ. ಮದುಮಗಳನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕಾದವನು. ವಿಡಿಯೋದಲ್ಲಿ ಅವಳಿಗಿಂತ ಮುಂಚೆ ನನ್ನ ಹೊಟ್ಟೆ ಬರಬಾರದಲ್ಲ...

ಅಕ್ಟೋಬರ್ 19

ಬೆಲ್ಟಿಗೆ ಮತ್ತೊಂದು ತೂತು. ಆಫೀಸಿನಲ್ಲಿ ಎಲ್ಲರೂ ಹೊಗಳುವವರೇ. ಶಿವಪ್ರಕಾಶ ಮಾತ್ರ “ಏನ್ಲಾ, ಶುಗರ್ ಬಂತಾ?” ಅಂದ. ಹೊಟ್ಟೆಕಿಚ್ಚು.

ನವೆಂಬರ್ 15

ಕಣಕಟ್ಟೆ, ಅಕ್ಕನ ಮನೆ. ಜಗಲಿಯಲ್ಲಿದ್ದ ರಾಗಿ ಮೂಟೆ ಒಳಗಿಡಲು ಹೋದೆ. ಹೋದ ವರ್ಷ ಒಂದೇ ಏಟಿಗೆ ಹೆಗಲಿಗೇರಿಸಿದ್ದೆ. ಇವತ್ತು ಸೊಂಟದ ತನಕ ಬಂತು, ತೋಳು ನಡುಗಿತು, ಮೂಟೆ ಸಮೇತ ಕುಕ್ಕರಿಸಿದೆ. ಚೈತು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ತೋಳನ್ನೇ ನೋಡಿದಳು.

“ಕಾಲು ಜಾರಿತು ಕಣೇ” ಅಂದೆ.

ಕಾಳು ತಿನ್ನಬೇಕು. ನಾಳೆಯಿಂದ.

ಡಿಸೆಂಬರ್ 2

ಬರೆಯಲು ಮನಸ್ಸಿಲ್ಲ. ಆದರೂ...

ಮೊನ್ನೆ ಮದುವೆ. ಛತ್ರದ ತುಂಬ ಜನ. ವಾದ್ಯ ಜೋರಾಯಿತು. ಚೈತುವನ್ನು ಎತ್ತಿದೆ. ಎರಡು ಹೆಜ್ಜೆ ಇಟ್ಟೆ, ಮೂರನೆಯದಕ್ಕೆ ಮಂಡಿ ಕುಸಿಯಿತು. ಬೀಳಿಸಿಬಿಡುತ್ತಿದ್ದೆ. ಅವಳೇ ಮೆಲ್ಲಗೆ ಇಳಿದು ಕಿವಿಯಲ್ಲಿ ಹೇಳಿದಳು: “ಕೈ ಹಿಡ್ಕೊಳಿ ಮಾಮ, ನಡ್ಕೊಂಡೇ ಹೋಗಾಣ.” ನಗುತ್ತಲೇ ನಡೆದಳು. ನನಗೆ ತಲೆ ಎತ್ತಲಾಗಲಿಲ್ಲ. ಸೂಟು ಮಾತ್ರ ಚೆನ್ನಾಗಿ ಕೂತಿತ್ತಂತೆ.

ಡಿಸೆಂಬರ್ 7

ಅಕ್ಕ ಬಂದಿದ್ದಳು. ಸಮಾಧಾನ ಹೇಳಲೆಂದೇ ಬಂದವಳು, ತಡೆಯಲಾರದೆ ಬಾಯಿಬಿಟ್ಟಳು.

“ನೀನು ಮೂಟೆ ಕೆಡವಿದ ದಿನದಿಂದ ಅವಳು ರಾತ್ರಿ ಊಟ ಬಿಟ್ಟಿದ್ಲು ಕಣೋ. ‘ಮಾಮಂಗೆ ಭಾರ ಆಗ್ತೀನಿ ಕಣಮ್ಮ’ ಅಂತಿದ್ಲು. ನಿಂಗೆ ಹೇಳಬ್ಯಾಡ ಅಂತ ಆಣೆ ಬೇರೆ.”

ಮದುವೆ ಹುಡುಗಿ ಉಪವಾಸ. ನನ್ನ ಶೋಕಿಗೆ. ಅಷ್ಟಾದರೂ ಎತ್ತಲಾಗಲಿಲ್ಲ ನನ್ನ ಕೈಲಿ.

ಡಿಸೆಂಬರ್ 8

ಹುರುಳಿಕಾಳು ಬೇಯಿಸಿಕೊಂಡೆ. ಸೇರಲಿಲ್ಲ, ನುಂಗಿದೆ. ರಾಗಿ ಚೀಲ ಎತ್ತಿ ಇಳಿಸಿದೆ — ಸಣ್ಣ ಚೀಲ. ಈಗ ಯಾರಿಗೋಸ್ಕರವೋ.

ಅಷ್ಟರಲ್ಲಿ ಚೈತು ಫೋನು, ಗಂಡನ ಮನೆಯಿಂದ. “ಮಾಮ, ಉಂಡ್ರಾ?”

ಉಂಡೆ ಕಣವ್ವ ಅಂದೆ. ನೀನು ಉಂಡ್ಯಾ ಅಂತ ಕೇಳಬೇಕು. ಬಾಯಿ ತೆರೆದೆ. ಕೇಳಲು ಮುಖವಿಲ್ಲದೆ, ಕಾಳಿನ ಬಟ್ಟಲು ಮತ್ತೆ ಹತ್ತಿರಕ್ಕೆ ಎಳೆದುಕೊಂಡೆ.